‘ಆಗುವುದಿಲ್ಲ’ ಎಂಬ ಮಾತು

ಕೆಲವು ಮಾತುಗಳನ್ನು ನಾವು ದಿನಕ್ಕೆ ಹತ್ತು ಸಲ ಆಡುತ್ತೇವೆ. ಅವುಗಳ ತೂಕವೆಷ್ಟೆಂದು ಯೋಚಿಸುವ ಪ್ರಸಂಗವೇ ಬರುವುದಿಲ್ಲ. ‘ನನ್ನಿಂದ ಆಗುವುದಿಲ್ಲ’ ಎಂಬುದು ಅಂಥದೊಂದು ಮಾತು. ‘ಒಲ್ಲೆ’ ಎಂದವನನ್ನು ಜನ ಕಾರಣ ಕೇಳುತ್ತಾರೆ. ‘ಆಗುವುದಿಲ್ಲ’ ಎಂದವನನ್ನು ಯಾರೂ ಏನೂ ಕೇಳುವುದಿಲ್ಲ. ಆಗದು ಎಂದ ಮೇಲೆ ಮುಗಿಯಿತಲ್ಲ! ಇಲ್ಲದ ಕಸುವನ್ನು ಪಾಪ, ಅವನಾದರೂ ಎಲ್ಲಿಂದ ತರಬೇಕು?

ಒಂದು ಸಲ ಈ ಮಾತನ್ನು ಆಡಿ ನಾನು ಬಿಡಿಸಿಕೊಂಡೆ. ಬಿಡಿಸಿಕೊಂಡೆನೆಂದು ತಿಳಿದುಕೊಂಡೆ ಎನ್ನುವುದೇ ಹೆಚ್ಚು ಸರಿ. ಇಪ್ಪತ್ತು ವರ್ಷ ಕಳೆದರೂ ಆ ಮಾತು ನನ್ನನ್ನು ಬಿಟ್ಟಿಲ್ಲ. ದೇಹದ ಕಸುವು ಎಂದರೇನು, ಅದನ್ನು ಅಳೆಯುವುದು ಹೇಗೆ, ಅದನ್ನು ಉಳಿಸಿಕೊಳ್ಳುವುದು ಅವರವರ ಇಷ್ಟಕ್ಕೆ ಬಿಟ್ಟ ವಿಷಯವೋ ಅಥವಾ ಅದರಲ್ಲಿ ಧರ್ಮದ ಪ್ರಶ್ನೆಯೂ ಇದೆಯೋ ಎಂಬ ವಿಚಾರವನ್ನು ವಾಚಕರ ಮುಂದಿಡಲು ಆ ಪ್ರಸಂಗವೇ ಪ್ರೇರಣೆ.

2005ನೇ ಇಸವಿ ಜುಲೈ 26. ಮುಂಬಯಿಯಲ್ಲಿದ್ದವರಿಗೆ ಈ ತಾರೀಖನ್ನು ವಿವರಿಸಬೇಕಾಗಿಲ್ಲ; ಊರಿನಲ್ಲಿ ಕುಳಿತು ಈ ಪತ್ರಿಕೆ ಓದುವ ಬಂಧುಗಳಿಗಾಗಿ ಹೇಳುತ್ತೇನೆ. ಅಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಅದೇ ಅವಧಿಯಲ್ಲಿ ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿ ಬಿದ್ದದ್ದು 73 ಮಿಲಿಮೀಟರ್ ಮಾತ್ರ. ಹೀಗಾಗಿ ಫೋರ್ಟ್ ಭಾಗದ ಕಚೇರಿಗಳಲ್ಲಿದ್ದ ನಮಗೆ ಉಪನಗರಗಳ ಗತಿ ಏನೆಂಬುದು ಬಹಳ ಹೊತ್ತಿನವರೆಗೆ ತಿಳಿಯಲೇ ಇಲ್ಲ. ಲೋಕಲ್ ಗಾಡಿಗಳು ನಿಂತವು. ನಾನು ಹೇಗೋ ದಾದರ್ ಮುಟ್ಟಿದೆ. ಅಲ್ಲಿಂದ ಘಾಟ್‌ಕೋಪರ್‌ನ ಮನೆಗೆ ರೈಲಿನ ಲೆಕ್ಕದಲ್ಲಿ ಹತ್ತು ಕಿಲೋಮೀಟರ್. ಸಾವಿರಾರು ಜನ ನಡೆಯುತ್ತಿದ್ದರು, ನಾನೂ ನಡೆದೆ.

ಆಗ ನನಗೆ 49 ವರ್ಷ. ದೇಹದ ವಿಷಯದಲ್ಲಿ ನನಗೆ ಸ್ವಲ್ಪ ಗರ್ವವೇ ಇತ್ತೆಂದು ಒಪ್ಪಿಕೊಳ್ಳಬೇಕು. ರೈಲ್ವೆ ಸ್ಟೇಷನ್ನುಗಳಲ್ಲಿ ತೂಕದ ಯಂತ್ರಗಳು ಇರುತ್ತಿದ್ದುದು ಅನೇಕರಿಗೆ ನೆನಪಿರಬಹುದು. ಬಣ್ಣದ ದೀಪಗಳು ಮಿನುಗಿ, ನಾಣ್ಯ ಹಾಕಿದೊಡನೆ ಖಟ್ ಎಂದು ಒಂದು ಚೀಟಿ ಬೀಳುತ್ತಿತ್ತು; ಒಂದು ಬದಿ ತೂಕ, ಇನ್ನೊಂದು ಬದಿ ಭವಿಷ್ಯ. ಆ ಚೀಟಿಗಳನ್ನು ನಾನು ಕಪಾಟಿನಲ್ಲಿ ಜೋಡಿಸಿಟ್ಟಿದ್ದೆ. ಮದುವೆಯಾದ ವರ್ಷದಿಂದ ನನ್ನ ತೂಕ 61 ಕಿಲೋ. ಒಂದೆರಡು ಕಿಲೋ ಆಚೀಚೆ. ಗೆಳೆಯರ ಹೊಟ್ಟೆ ಬೆಳೆಯುವುದನ್ನು ನೋಡಿ ನಗೆಯಾಡುವ ಅಧಿಕಾರ ಆ ಚೀಟಿಗಳಿಂದ ನನಗೆ ದೊರೆತಿದೆಯೆಂದು ಭಾವಿಸಿದ್ದೆ.

ಶೀವ್ ದಾಟುವ ಹೊತ್ತಿಗೆ ನೀರು ಸೊಂಟದ ಮಟ್ಟಕ್ಕೆ ಬಂದಿತ್ತು. ಏದುಸಿರು ಬಿಡುತ್ತ ಒಂದು ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ನಿಂತುಬಿಟ್ಟೆ. ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು. ಕಂಕುಳಲ್ಲಿ ಒಂದು ಕೂಸು, ಕೈಹಿಡಿದು ನಿಂತ ಐದಾರು ವರ್ಷದ ಹುಡುಗ. ಅವನಿಗೆ ಅಲ್ಲಿ ನೀರು ಕುತ್ತಿಗೆಯವರೆಗೆ ಬರುತ್ತಿತ್ತು. ಎದುರಿನ ಎತ್ತರದ ಜಾಗದವರೆಗೆ, ಹೆಚ್ಚೆಂದರೆ ಇನ್ನೂರು ಹೆಜ್ಜೆ, ಅವನನ್ನು ಎತ್ತಿಕೊಳ್ಳುವಿರಾ ಎಂದು ಆಕೆ ಮರಾಠಿಯಲ್ಲಿ ಕೇಳಿದಳು. ನಾನು ‘ಜಮಣಾರ ನಾಹೀ’ ಎಂದೆ. ಆಗುವುದಿಲ್ಲ. ಆಕೆ ಬೇಸರಿಸಲಿಲ್ಲ. ನನ್ನ ಮುಖ ನೋಡಿ ತಲೆಯಾಡಿಸಿದಳು. ಸ್ವಲ್ಪ ಹೊತ್ತಿನಲ್ಲಿ ಕೈಗಾಡಿ ಎಳೆಯುವವನೊಬ್ಬ ಬಂದ. ಕೇಳುವ ಮೊದಲೇ ಹುಡುಗನನ್ನು ಹೆಗಲ ಮೇಲೆ ಕೂಡಿಸಿಕೊಂಡು ನಡೆದ. ಅವನೇನು ಜಟ್ಟಿಯಲ್ಲ. ತೂಕದ ಯಂತ್ರ ಅವನಿಗೆ ನನಗಿಂತ ಕಡಿಮೆ ಅಂಕವನ್ನೇ ಕೊಡುತ್ತಿತ್ತು.

ನಾನು ಸುಳ್ಳು ಹೇಳಿರಲಿಲ್ಲ. ಆ ಕ್ಷಣದಲ್ಲಿ ಆ ಹುಡುಗನನ್ನು ಎತ್ತಿದ್ದರೆ ಇಬ್ಬರೂ ಬೀಳುತ್ತಿದ್ದೆವು. ಆಗದ ಕೆಲಸವನ್ನು ಮಾಡಬೇಕೆಂದು ಯಾವ ಧರ್ಮಶಾಸ್ತ್ರವೂ ಹೇಳುವುದಿಲ್ಲ. ಹಾಗಿದ್ದ ಮೇಲೆ ಮನಸ್ಸು ಏಕೆ ಚುಚ್ಚುತ್ತದೆ?

ಬಹಳ ದಿನಗಳ ಮೇಲೆ ಇದಕ್ಕೆ ಉತ್ತರದ ಸುಳಿವು ಸಿಕ್ಕಿದ್ದು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನಲ್ಲಿ. ಅವನ ನೀತಿಗ್ರಂಥದ ಮೂರನೆಯ ಭಾಗದಲ್ಲಿ ಈ ಚರ್ಚೆ ಬರುತ್ತದೆ. ಹುಟ್ಟುಕುರುಡನನ್ನು, ರೋಗದಿಂದಲೋ ಪೆಟ್ಟಿನಿಂದಲೋ ಕಣ್ಣು ಕಳೆದುಕೊಂಡವನನ್ನು ಯಾರೂ ದೂಷಿಸುವುದಿಲ್ಲ, ಮರುಕ ಪಡುತ್ತಾರೆ. ಕುಡಿತದಿಂದ ಕಣ್ಣು ಕಳೆದುಕೊಂಡವನ ಮಾತು ಬೇರೆ. ಹಾಗೆಯೇ ದೇಹವನ್ನು ದುಡಿಸದೆ, ಜೋಪಾನ ಮಾಡದೆ ಕೆಡಿಸಿಕೊಂಡವನ ದೌರ್ಬಲ್ಯವೂ ಬೇರೆ. ಕಲ್ಲನ್ನು ಎಸೆದ ಮೇಲೆ ಅದನ್ನು ಹಿಂದಕ್ಕೆ ಕರೆಯಲಾಗುವುದಿಲ್ಲ, ನಿಜ. ಎಸೆಯುವುದು ಬಿಡುವುದು ಕೈಯಲ್ಲಿತ್ತಲ್ಲ ಎಂಬುದು ಅವನ ವಾದದ ತಿರುಳು. ನನ್ನ ‘ಆಗುವುದಿಲ್ಲ’ವನ್ನು ನಾನು ಆಡಿದ್ದು 2005ರಲ್ಲಿ. ಆದರೆ ಅದನ್ನು ಇಪ್ಪತ್ತು ವರ್ಷಗಳಿಂದ ದಿನವೂ ಸ್ವಲ್ಪ ಸ್ವಲ್ಪವಾಗಿ ತಯಾರಿಸುತ್ತ ಬಂದಿದ್ದೆ: ಏರದ ಮೆಟ್ಟಿಲು, ನಡೆಯದ ದಾರಿ, ಎತ್ತದ ಚೀಲ, ಮಲಗಿ ಕಳೆದ ಭಾನುವಾರ. ಸಮಯವಿರಲಿಲ್ಲವೇ? ಲೋಕಲ್‌ನಲ್ಲಿ ದಿನಕ್ಕೆ ಎರಡು ತಾಸು ಹೋಗುತ್ತಿದ್ದುದು ಸುಳ್ಳಲ್ಲ. ಆದರೆ ಮನೆಗೆ ಬಂದ ಮೇಲೆ ಟೀವಿಯ ಮುಂದೆ ಹೋಗುತ್ತಿದ್ದ ಒಂದೂವರೆ ತಾಸನ್ನು ಆ ಲೆಕ್ಕದಲ್ಲಿ ನಾನು ಎಂದೂ ಸೇರಿಸಿರಲಿಲ್ಲ.

ಇದರಲ್ಲಿ ನಮ್ಮಂಥ ಗುಮಾಸ್ತೆ ಮನೆತನದವರ ಇನ್ನೊಂದು ದೋಷವೂ ಇದೆ. ಅಕ್ಷರ ಕಲಿತವನಿಗೆ ಮೈಕಸುವಿನ ಹಂಗೇಕೆ ಎಂಬ ಭಾವನೆ. ನಮ್ಮಜ್ಜ ಧಾರವಾಡ ಸೀಮೆಯ ಒಕ್ಕಲಿಗ. ಜಾತ್ರೆಯಲ್ಲಿ ಗುಂಡು ಎತ್ತುತ್ತಿದ್ದ. ಅದಕ್ಕಿಂತ ಹೆಚ್ಚಾಗಿ, ಎರೆಮಣ್ಣಿನಲ್ಲಿ ಯಾರ ಚಕ್ಕಡಿ ಹುಗಿದರೂ ಮೊದಲು ಅವನಿಗೆ ಕರೆ ಬರುತ್ತಿತ್ತು. ಅಪ್ಪ ಶಾಲೆ ಕಲಿತರು, ನಾನು ಮುಂಬಯಿಗೆ ಬಂದೆ. ಗರಡಿಮನೆ ಊರಲ್ಲೇ ಉಳಿಯಿತು. ಆದರೆ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದ ಕೆ. ವಿ. ಅಯ್ಯರ್ ಅವರೇ ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನೂ ನಡೆಸಿದರು, ಅಂಗಸಾಧನೆಯ ಬಗ್ಗೆ ಇಂಗ್ಲಿಷಿನಲ್ಲಿ 1930ರ ವೇಳೆಗೇ ಪುಸ್ತಕ ಬರೆದರು. ಲೇಖನಿ ಹಿಡಿದ ಕೈ ಭಾರ ಎತ್ತಬಾರದೆಂಬ ನಿಯಮವೇನೂ ನಮ್ಮ ನಾಡಿನಲ್ಲಿಲ್ಲ.

ಇನ್ನು ಅಳೆಯುವ ಮಾತು. ನನ್ನ ತಪ್ಪು ಅಳೆದುಕೊಳ್ಳಲಿಲ್ಲ ಎಂಬುದಲ್ಲ. ಸುಲಭವಾಗಿ ಸಿಕ್ಕ ಒಂದು ಅಂಕವನ್ನು ಹಿಡಿದು ಉಳಿದುದನ್ನೆಲ್ಲ ಮರೆತದ್ದು. ಬಲ್ಲವರು ದೇಹಕ್ಷಮತೆಯನ್ನು ಐದು ಬಾಬುಗಳಲ್ಲಿ ನೋಡುತ್ತಾರೆ: ಹೃದಯ ಮತ್ತು ಶ್ವಾಸಕೋಶಗಳ ತಾಳಿಕೆ, ಸ್ನಾಯುಗಳ ಬಲ, ಅದೇ ಸ್ನಾಯುಗಳು ದಣಿಯದೆ ದುಡಿಯುವ ಶಕ್ತಿ, ಕೀಲುಗಳ ಬಾಗುವಿಕೆ, ಮೈಯಲ್ಲಿ ಕೊಬ್ಬು-ಮಾಂಸಗಳ ಪ್ರಮಾಣ. ವಯಸ್ಸಾದವರಿಗೆ ಆರನೆಯದೊಂದು ಸೇರಬೇಕು, ಸಮತೋಲ. ತೂಕದ ಚೀಟಿ ಇವುಗಳಲ್ಲಿ ಒಂದಕ್ಕೂ ಪೂರ್ತಿ ಉತ್ತರ ಕೊಡುವುದಿಲ್ಲ.

ಕಿಲೋಗ್ರಾಂ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸುವ ಲೆಕ್ಕ ಇಂದು ಎಲ್ಲರ ಬಾಯಲ್ಲಿದೆ. ಇದನ್ನು 19ನೆಯ ಶತಮಾನದಲ್ಲಿ ಹಾಕಿಕೊಟ್ಟವನು ಬೆಲ್ಜಿಯಂನ ಕ್ವೆಟೆಲೆ. ಅವನು ವೈದ್ಯನಲ್ಲ, ಗಣಿತ ಮತ್ತು ಖಗೋಳ ಬಲ್ಲವನು. ಜನಸಮೂಹಗಳ ಸರಾಸರಿ ನೋಡಲು ಮಾಡಿದ ಲೆಕ್ಕವದು. ಒಬ್ಬೊಬ್ಬರ ವಿಷಯದಲ್ಲಿ ಅದು ಎಷ್ಟು ಮೋಸ ಮಾಡಬಲ್ಲದೆಂಬುದಕ್ಕೆ ನೆರೆಯ ಪುಣೆಯ ಒಂದು ಪ್ರಸಿದ್ಧ ಉದಾಹರಣೆಯಿದೆ. ಅಲ್ಲಿನ ಮಧುಮೇಹ ತಜ್ಞ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಪ್ರಕಟಿಸಿದರು. ಮೇಲಿನ ಲೆಕ್ಕದಲ್ಲಿ ಇಬ್ಬರ ಅಂಕವೂ 22.3. ಆದರೆ ಯುಡ್ಕಿನ್ನರ ಮೈಯಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕರ ಮೈಯಲ್ಲಿ ಶೇಕಡಾ 21.2. ನಮ್ಮ ದೇಶದವರು ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಹೊತ್ತಿರುವುದುಂಟೆಂಬುದಕ್ಕೆ ಇದಕ್ಕಿಂತ ಸರಳ ಪಾಠ ಬೇಕಿಲ್ಲ. ಈ ಕಾರಣದಿಂದಲೇ 2009ರಲ್ಲಿ ನಮ್ಮ ದೇಶದ ತಜ್ಞರು ಭಾರತೀಯರಿಗೆ ಬೇರೆ ಮಿತಿ ಹಾಕಿದರು: ಅಂಕ 23 ದಾಟಿದರೆ ತೂಕ ಹೆಚ್ಚು, 25 ಮುಟ್ಟಿದರೆ ಬೊಜ್ಜು, ಹೊಟ್ಟೆಯ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು. ನನ್ನ ಅಂಕ 22.4; ಸುತ್ತಳತೆಯನ್ನು ಮೊದಲ ಸಲ ಟೇಪು ಹಿಡಿದು ನೋಡಿದಾಗ 94!

ಉಳಿದ ಪರೀಕ್ಷೆಗಳಿಗೆ ಯಂತ್ರ ಬೇಕಾಗಿಲ್ಲ, ಹಣವೂ ಬೇಕಾಗಿಲ್ಲ. ಬೆಳಿಗ್ಗೆ ಎದ್ದೊಡನೆ ನಾಡಿ ಎಣಿಸಿರಿ; ದೊಡ್ಡವರಲ್ಲಿ ನಿಮಿಷಕ್ಕೆ 60ರಿಂದ 100ರವರೆಗೆ ಸಾಮಾನ್ಯ, ತಾಳಿಕೆ ಹೆಚ್ಚಿದಂತೆ ಅದು ಇಳಿಯುತ್ತದೆ. ಬಿರುಸಾಗಿ ನಡೆಯುವಾಗ ಜೊತೆಯವರೊಡನೆ ಮಾತಾಡಲು ಆಗುತ್ತಿದ್ದು ಹಾಡಲು ಆಗದಿದ್ದರೆ ಆ ನಡಿಗೆ ಹದವಾದದ್ದು; ಮಾತೂ ತುಂಡಾದರೆ ಅದು ಕಠಿಣ ಶ್ರಮ. ಅರವತ್ತು ದಾಟಿದವರು ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಗಟ್ಟಿಯಾದ ಕುರ್ಚಿಯಿಂದ 30 ಸೆಕೆಂಡುಗಳಲ್ಲಿ ಎಷ್ಟು ಸಲ ಎದ್ದು ಕೂಡಬಲ್ಲೆವೆಂದು ನೋಡಬಹುದು. ಅಮೆರಿಕದ ಲೆಕ್ಕದಂತೆ 65ರಿಂದ 69 ವರ್ಷದ ಗಂಡಸರಿಗೆ 12, ಹೆಂಗಸರಿಗೆ 11ಕ್ಕಿಂತ ಕಡಿಮೆಯಾದರೆ ಕಾಲಿನ ಬಲ ಸಾಲದು. ಗೋಡೆಯ ಪಕ್ಕದಲ್ಲಿ ಒಂಟಿಕಾಲಿನಲ್ಲಿ 10 ಸೆಕೆಂಡು ನಿಲ್ಲಲು ಸಾಧ್ಯವೇ? ಬ್ರೆಜಿಲ್‌ನಲ್ಲಿ 51ರಿಂದ 75 ವರ್ಷದ ಸುಮಾರು 1,700 ಜನರಲ್ಲಿ ಐವರಿಗೊಬ್ಬರು ಇದರಲ್ಲಿ ಸೋತರೆಂದೂ, ಸೋತವರಲ್ಲಿ ಮುಂದಿನ ವರ್ಷಗಳ ಸಾವಿನ ಪ್ರಮಾಣ ಹೆಚ್ಚಿತ್ತೆಂದೂ 2022ರಲ್ಲಿ ಪ್ರಕಟವಾಯಿತು. ಹಿಡಿತದ ಬಲವೂ ಸಣ್ಣ ಸಂಗತಿಯಲ್ಲ. ಭಾರತವೂ ಸೇರಿದಂತೆ 17 ದೇಶಗಳ ಸುಮಾರು 1 ಲಕ್ಷ 40 ಸಾವಿರ ಜನರನ್ನು ನೋಡಿದ ಒಂದು ಅಧ್ಯಯನದಲ್ಲಿ ಸಾವಿನ ಅಪಾಯವನ್ನು ಸೂಚಿಸುವುದರಲ್ಲಿ ಕೈಹಿಡಿತವು ರಕ್ತದೊತ್ತಡದ ಮೇಲಿನ ಅಂಕವನ್ನೂ ಮೀರಿಸಿತು. ಇದು 2015ರ ಮಾತು. ಎದೆನೋವು, ತಲೆಸುತ್ತು, ಮಂಡಿನೋವು ಇರುವವರು ಮೊದಲು ವೈದ್ಯರನ್ನು ಕೇಳಿಯೇ ಇವುಗಳಿಗೆ ಕೈಹಾಕಬೇಕು. ಪರೀಕ್ಷೆ ಮಾಡಹೋಗಿ ಬೀಳುವುದು ಜಾಣತನವಲ್ಲ.

ಆದರೆ ಯಾವುದರ ಎದುರು ಅಳೆಯಬೇಕು? ಪಕ್ಕದ ಮನೆಯವನ ಎದುರೋ, ಚಿತ್ರನಟನ ಎದುರೋ, ಇಪ್ಪತ್ತೈದನೆಯ ವಯಸ್ಸಿನ ನನ್ನ ಎದುರೋ? ವಾಗ್ಭಟನು ವ್ಯಾಯಾಮಕ್ಕೆ ‘ಅರ್ಧಶಕ್ತಿ’ಯ ಮಿತಿ ಹೇಳಿದ್ದಾನೆ. ಎಷ್ಟು ಬಸ್ಕಿ, ಎಷ್ಟು ಹರದಾರಿ ಎಂದು ಎಲ್ಲರಿಗೂ ಒಂದೇ ಅಂಕ ಹಾಕಿಲ್ಲ. ಅವರವರ ಶಕ್ತಿಯ ಅರ್ಧ. ಅಂದರೆ ಅಳತೆಗೋಲು ಅವರವರ ಮೈಯಲ್ಲೇ ಇದೆ. ಇದಕ್ಕೆ ನಾನು ಒಂದನ್ನು ಸೇರಿಸಬಯಸುತ್ತೇನೆ. ನನ್ನನ್ನು ನಂಬಿದವರು ನನ್ನಿಂದ ಯಾವ ದಿನ ಏನು ಕೇಳಬಹುದು, ಅದಕ್ಕೆ ಈ ಮೈ ಸಿದ್ಧವಿದೆಯೇ? ಲಿಫ್ಟು ನಿಂತ ದಿನ ಅತ್ತೆಯವರನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಬೇಕಾದೀತು. ಮೊಮ್ಮಗನನ್ನು ಎತ್ತಿಕೊಂಡು ಪ್ಲಾಟ್‌ಫಾರ್ಮಿನ ಸೇತುವೆ ಹತ್ತಬೇಕಾದೀತು. ಏನೂ ಇಲ್ಲದಿದ್ದರೆ ಇನ್ನೊಬ್ಬರಿಗೆ ಭಾರವಾಗದೆ ನನ್ನ ಕೆಲಸ ನಾನು ಮಾಡಿಕೊಳ್ಳಬೇಕಾದೀತು. ಕಸುವು ಎಂಬುದು ಇಂಥ ದಿನಕ್ಕಾಗಿ ಕೂಡಿಟ್ಟ ಕಾಳು. ಕನ್ನಡಿಯ ಮುಂದೆ ನಿಂತು ನೋಡಿದರೆ ಕಣಜದಲ್ಲಿ ಎಷ್ಟಿದೆಯೆಂಬುದು ಗೊತ್ತಾಗುವುದಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ನನ್ನ ಲೇಖನ ಅನ್ಯಾಯದ್ದಾಗುತ್ತದೆ. ಏಕೆಂದರೆ ಇದೇ ಅಳತೆಗೋಲನ್ನು ಹಿಡಿದು ಇನ್ನೊಬ್ಬರ ಮೈಮೇಲೆ ತೀರ್ಪು ಬರೆಯಲು ನಮಗೆ ಬಹಳ ಸಮಯ ಬೇಕಾಗುವುದಿಲ್ಲ. ಮಧುಮೇಹ ಬಂದವನನ್ನು ‘ನಾಲಿಗೆ ಬಿಗಿಹಿಡಿಯಲಿಲ್ಲ’ ಎನ್ನುವುದು, ದಪ್ಪಗಿರುವ ಸೊಸೆಯನ್ನು ಸೋಮಾರಿ ಎನ್ನುವುದು ನಮ್ಮ ಸಮಾರಂಭಗಳ ಊಟದ ಪಂಕ್ತಿಯಲ್ಲಿ ದಿನವೂ ಕೇಳಿಬರುವ ಮಾತು. ಇದಕ್ಕೆ ಉತ್ತರವಾಗಿ ಲಂಡನ್ನಿನ ಬಸ್ಸಿನವರ ಕಥೆ ಹೇಳಬೇಕು.

ಡಾ. ಜೆರೆಮಿ ಮಾರಿಸ್ ಮತ್ತು ಸಂಗಡಿಗರು ಲಂಡನ್ ಸಾರಿಗೆಯ ಸುಮಾರು 31,000 ನೌಕರರ ಲೆಕ್ಕ ನೋಡಿ 1953ರಲ್ಲಿ ಪ್ರಕಟಿಸಿದ ಸಂಗತಿಯಿದು. ಡಬಲ್ ಡೆಕ್ಕರ್ ಬಸ್ಸಿನಲ್ಲಿ ದಿನವಿಡೀ ಕುಳಿತ ಚಾಲಕರಿಗಿಂತ, ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದಯರೋಗ ಕಡಿಮೆಯಿತ್ತು. 1937ರಿಂದ ಡಬಲ್ ಡೆಕ್ಕರ್ ಕಂಡಿರುವ ನಮ್ಮ ಮುಂಬಯಿಯವರಿಗೆ ಇದು ಕಣ್ಣಿಗೆ ಕಟ್ಟುವಂಥ ಮಾತು. ದೇಹಶ್ರಮ ಹೃದಯವನ್ನು ಕಾಯುತ್ತದೆಂಬ ವಿಚಾರಕ್ಕೆ ಇದು ಅಡಿಗಲ್ಲಾಯಿತು. ಆದರೆ ಅದೇ ಮಾರಿಸ್ ಮತ್ತು ಜೊತೆಗಾರರು 1956ರಲ್ಲಿ ನೌಕರರ ಸಮವಸ್ತ್ರದ ಅಳತೆಗಳನ್ನು ತೆಗೆದು ನೋಡಿದರು. ಚಾಲಕರ ಷರಾಯಿಯ ಸೊಂಟ ಕಂಡಕ್ಟರರದಕ್ಕಿಂತ ದೊಡ್ಡದು. ಚಿಕ್ಕ ವಯಸ್ಸಿನವರಲ್ಲೂ ಹಾಗೆಯೇ. ಹಾಗಾದರೆ ವ್ಯತ್ಯಾಸವೆಲ್ಲ ಕೆಲಸದಿಂದಲೇ ಬಂತೋ, ಅಥವಾ ಒಂದು ಪಾಲು ಕೆಲಸಕ್ಕೆ ಸೇರುವ ಮೊದಲೇ ಇತ್ತೋ? ತಮ್ಮದೇ ಫಲಿತಾಂಶಕ್ಕೆ ತಾವೇ ಈ ಪ್ರಶ್ನೆ ಹಾಕಿಕೊಂಡ ಆ ವಿದ್ವಾಂಸರ ಪ್ರಾಮಾಣಿಕತೆ ನಮಗೆ ಮಾದರಿಯಾಗಬೇಕು. ಸಾವಿರಾರು ಜನರ ದಾಖಲೆ ಮುಂದಿಟ್ಟುಕೊಂಡವರೇ ಹೀಗೆ ತಡೆದು ನಿಂತರು. ಪಂಕ್ತಿಯಲ್ಲಿ ಎದುರು ಕುಳಿತವರ ಹೊಟ್ಟೆ ನೋಡಿ ಅವರ ಶೀಲವನ್ನು ಹೇಳಲು ನಾವು ಯಾರು? ತಾಯಿಯ ಗರ್ಭದಲ್ಲಿ ಸಿಕ್ಕ ಪೋಷಣೆ, ವಂಶ, ನುಂಗುವ ಔಷಧ, ರಾತ್ರಿಪಾಳಿ, ನಡೆಯಲು ಜಾಗವಿಲ್ಲದ ಬೀದಿ, ಇವೊಂದೂ ಹೊರಗೆ ಕಾಣುವುದಿಲ್ಲ. ಅರಿಸ್ಟಾಟಲನ ಪ್ರಶ್ನೆಯನ್ನು ನನಗೆ ನಾನು ಹಾಕಿಕೊಳ್ಳಬಹುದು, ಏಕೆಂದರೆ ನನ್ನ ಇಪ್ಪತ್ತು ವರ್ಷಗಳು ನನಗೆ ಗೊತ್ತು. ಇನ್ನೊಬ್ಬರ ಇಪ್ಪತ್ತು ವರ್ಷಗಳು ನನಗೆ ಗೊತ್ತಿಲ್ಲ. ಆರೋಗ್ಯವನ್ನು ಜೋಪಾನ ಮಾಡುವುದು ಕರ್ತವ್ಯವಿರಬಹುದು; ಆರೋಗ್ಯವಾಗಿರುವುದು ಪುಣ್ಯದ ಸರ್ಟಿಫಿಕೇಟಲ್ಲ.

ಇನ್ನೊಂದು ಪಾಠವನ್ನು ಕಲಿಸಿದವಳು ನನ್ನ ಹೆಂಡತಿ. ಆ ಮಳೆಗಾಲದ ನಂತರ ನಾನು ದಿನವೂ ಬೆಳಿಗ್ಗೆ ಒಂದು ತಾಸು ನಡೆಯತೊಡಗಿದೆ. ಮೂರು ತಿಂಗಳಲ್ಲಿ ನಾಡಿ ಇಳಿಯಿತು, ಹೊಟ್ಟೆ ಇಳಿಯಿತು. ಉತ್ಸಾಹದಿಂದ ಅವಳಿಗೂ ಉಪದೇಶ ಮಾಡಿದೆ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸದೆಯೇ ಅಂದಳು: “ನೀವು ಆರು ಗಂಟೇಕ್ಕ ಹೊರಗ ಹೋಗ್ತೀರಿ, ಏಳಕ್ಕ ಬರ್ತೀರಿ. ಆ ಒಂದು ತಾಸಿನ್ಯಾಗ ನೀರು ತುಂಬೋದು, ಡಬ್ಬಿ ಕಟ್ಟೋದು, ಹುಡುಗರನ್ನ ಎಬ್ಬಿಸೋದು ಯಾರ್ ಮಾಡ್ತಾರ್ರಿ? ನಾ ಸೈತ ಹೊಂಟ್ರ?”

ನಾನು ನಿರುತ್ತರನಾದೆ. ನನ್ನ ಧರ್ಮದ ಒಂದು ತಾಸನ್ನು ನಾನು ಅವಳ ಮೈಯಿಂದ ಕಡ ತಂದಿದ್ದೆ. ಮನೆಗೆಲಸವೇ ಸಾಕಷ್ಟು ವ್ಯಾಯಾಮ ಎಂದು ಗಂಡಸರು ಹೇಳುವುದುಂಟು. ದಣಿವು ಬೇರೆ, ಕ್ಷಮತೆ ಬೇರೆ. ನಿಂತಲ್ಲೇ ನಿಂತು, ಬಗ್ಗಿದಲ್ಲೇ ಬಗ್ಗಿ ದಣಿದ ಮೈಗೆ ಬಿರುಸು ನಡಿಗೆಯ ಲಾಭವೂ ಸಿಗುವುದಿಲ್ಲ, ವಿಶ್ರಾಂತಿಯೂ ಸಿಗುವುದಿಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ ಹದವಾದ ಶ್ರಮ, ಎರಡು ದಿನ ಸ್ನಾಯುಗಳಿಗೆ ಬಲ ತರುವ ಅಭ್ಯಾಸ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಗಂಡಸರಿಗಷ್ಟೇ ಅಲ್ಲ. ಅಂದಿನಿಂದ ನಾವು ಸರತಿ ಮಾಡಿಕೊಂಡೆವು: ಒಂದು ದಿನ ನಾನು ನಡೆದರೆ ಡಬ್ಬಿಯ ಪಲ್ಯ ಅವಳದು, ಮರುದಿನ ಅವಳು ನಡೆದರೆ ಡಬ್ಬಿ ನನ್ನದು. ನನ್ನ ಪಲ್ಯದ ಬಗ್ಗೆ ಮಕ್ಕಳು ಏನೆಂದರೆಂಬುದು ಈ ಲೇಖನದ ವಿಷಯವಲ್ಲ. ಆದರೆ ಮನೆಯೊಂದರ ಕ್ಷಮತೆಯನ್ನು ಅಳೆಯುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ ಎಂದು ನನಗೆ ತೋರುತ್ತದೆ: ಯಾರ ಆರೋಗ್ಯಕ್ಕೆ ಯಾರ ಸಮಯ ಖರ್ಚಾಗುತ್ತಿದೆ?

ಈಗ ನನಗೆ ಎಪ್ಪತ್ತು ಸಮೀಪಿಸಿದೆ. ಕುರ್ಚಿಯಿಂದ ಅರ್ಧ ನಿಮಿಷದಲ್ಲಿ ಹದಿನಾಲ್ಕು ಸಲ ಏಳುತ್ತೇನೆ. ಹೋದ ವರ್ಷ ಹದಿನೈದಿತ್ತು. ಈ ಅಂಕ ಇನ್ನು ಇಳಿಯುವುದೇ ಹೊರತು ಏರಲಾರದು. ಅದಕ್ಕೆ ಖೇದವಿಲ್ಲ. ಶೀವ್‌ನ ಆ ಮೆಟ್ಟಿಲ ಬಳಿ ಇಂದೂ ಒಮ್ಮೊಮ್ಮೆ ಹಾದುಹೋಗುತ್ತೇನೆ. ಆ ಹುಡುಗ ಈಗ ದುಡಿಯುವ ಯುವಕನಾಗಿರಬೇಕು. ಹೆಗಲ ಮೇಲೆ ಕೂತು ದಾಟಿದ್ದು ಅವನಿಗೆ ನೆನಪಿದ್ದರೂ ಇರಬಹುದು, ದಾಟಿಸಲಾರದೆ ನಿಂತವನ ನೆನಪಿರಲಾರದು. ಯಾರಾದರೂ ಅಂಥದೇ ಇನ್ನೊಂದು ದಿನ ನನ್ನನ್ನು ಕೇಳಿದರೆ ಪ್ರಾಯಶಃ ನಾನು ಮತ್ತೆ ‘ಆಗುವುದಿಲ್ಲ’ ಎಂದೇ ಹೇಳಬೇಕಾದೀತು. ಆದರೆ ಆ ಮಾತನ್ನು ವಯಸ್ಸು ನನ್ನಿಂದ ಹೇಳಿಸಿರುತ್ತದೆ, ನಾನಾಗಿ ತಯಾರಿಸಿಟ್ಟದ್ದಾಗಿರುವುದಿಲ್ಲ. ಅಷ್ಟು ವ್ಯತ್ಯಾಸವನ್ನು ಉಳಿಸಿಕೊಳ್ಳುವುದಕ್ಕಾಗಿಯೇ ನಾಳೆ ಬೆಳಿಗ್ಗೆಯೂ ಆರು ಗಂಟೆಗೆ ಚಪ್ಪಲಿ ಬಿಟ್ಟು ಬೂಟು ಹಾಕಿಕೊಳ್ಳುತ್ತೇನೆ. ನಾಳೆ ನನ್ನ ಸರತಿ.